ದಿನ ತುಂಬದ ಮಗುವಿನ ಮೊದಲ ಮಾತು

‘ಪಕ್ಕದ ಮನೆಯ ಕೂಸು ಆಗಲೇ ಅಮ್ಮ, ಅಪ್ಪ ಅನ್ನುತ್ತಿದೆ. ಇವನಿಗೂ ವರ್ಷ ತುಂಬಿತಲ್ಲ, ಇನ್ನೂ ಯಾಕೆ ಮಾತಿಲ್ಲ?’ ದಿನ ತುಂಬುವ ಮೊದಲೇ ಹೆತ್ತ ತಾಯಿ ಇಂಥ ಪ್ರಶ್ನೆಯನ್ನು ಮಗುವಿನ ಮೊದಲ ಹುಟ್ಟುಹಬ್ಬದ ದಿನವೇ ಕೇಳಬೇಕಾಗುತ್ತದೆ. ಕೇಳುವವರಿಗೆ ಅದು ಬರಿಯ ಕುತೂಹಲ. ಆಕೆಗೆ ಎದೆಯೊಳಗಿನ ಮುಳ್ಳು. ತನ್ನಿಂದಲೇ ಏನೋ ತಪ್ಪಾಯಿತೆಂದು ಒಳಗೊಳಗೇ ಕೊರಗುವ ತಾಯಂದಿರೂ ಉಂಟು.

ಇಲ್ಲಿ ಮೊದಲು ಬೇಕಾದದ್ದು ಸಣ್ಣದೊಂದು ಲೆಕ್ಕ. ಗರ್ಭದ ಅವಧಿ ಸುಮಾರು 40 ವಾರ. 37 ವಾರ ತುಂಬುವ ಮೊದಲೇ ಹುಟ್ಟಿದ್ದು ಅವಧಿಪೂರ್ವ ಶಿಶು. 32 ವಾರಕ್ಕೆ ಹುಟ್ಟಿದ ಮಗು ಎರಡು ತಿಂಗಳಷ್ಟು ಮುಂಚೆ ಬಂದಿದೆ. ಹಾಗಾಗಿ ಮೊದಲ ಹುಟ್ಟುಹಬ್ಬದಂದು ಅದರ ಬೆಳವಣಿಗೆಯನ್ನು ಹತ್ತು ತಿಂಗಳ ಮಗುವಿನದೆಂದೇ ಅಳೆಯಬೇಕು. ಸಾಮಾನ್ಯವಾಗಿ ಎರಡು ವರ್ಷದವರೆಗೂ ವೈದ್ಯರು ಹೀಗೆಯೇ ಎಣಿಸುತ್ತಾರೆ.

ಮಾತಿನ ಪಾಠ ಶುರುವಾಗುವುದು ಕಿವಿಯಿಂದ. ಸುಮಾರು 25 ವಾರಗಳ ಹೊತ್ತಿಗೆ ಗರ್ಭದೊಳಗಿನ ಶಿಶುವಿಗೆ ಶಬ್ದ ಕೇಳಿಸತೊಡಗುತ್ತದೆ. ಎಲ್ಲಕ್ಕಿಂತ ಹತ್ತಿರದ ದನಿ ತಾಯಿಯದು. ಬೇಗ ಹುಟ್ಟಿದ ಮಗುವಿಗೆ ಆ ದನಿ ದೂರವಾಗಿ, ಇನ್‌ಕ್ಯುಬೇಟರ್ ಮತ್ತಿತರ ಯಂತ್ರಗಳ ಸದ್ದೇ ಪಾಲಿಗೆ ಬರುತ್ತದೆ.

ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಮೆಲಿಂಡಾ ಕ್ಯಾಸ್ಕಿ ಮತ್ತು ಸಂಗಡಿಗರು ಇಂಥ 36 ಶಿಶುಗಳ ಸುತ್ತಲಿನ ಮಾತನ್ನು 16 ಗಂಟೆಗಳ ಕಾಲ ಧ್ವನಿಮುದ್ರಿಸಿದರು. 32 ವಾರಕ್ಕೇ ಶಿಶುಗಳು ದನಿ ಹೊರಡಿಸುತ್ತವೆ, ತಂದೆತಾಯಿ ಬಳಿಯಿದ್ದಾಗ ಅದು ಹೆಚ್ಚುತ್ತದೆ ಎಂದು 2011ರಲ್ಲಿ ತಿಳಿಸಿದರು. ಆಸ್ಪತ್ರೆಯಲ್ಲಿ ಹೆಚ್ಚು ಮಾತು ಕೇಳಿಸಿಕೊಂಡ ಮಕ್ಕಳು 18 ತಿಂಗಳ ವಯಸ್ಸಿನ ಭಾಷಾ ಪರೀಕ್ಷೆಯಲ್ಲಿ ಮುಂದಿದ್ದರೆಂಬುದು 2014ರ ವರದಿ. ಅಧ್ಯಯನ ಚಿಕ್ಕದೇ, ಆದರೆ ಅದು ತೋರಿದ ದಾರಿಗೆ ಕಾಸಿನ ಖರ್ಚಿಲ್ಲ. ಮೀಯಿಸುವಾಗ, ಉಣಿಸುವಾಗ ಮಗುವಿನ ಮುಖ ನೋಡಿ ಮಾತಾಡಬೇಕು. ಅದು ‘ಊಂ’ ಎನ್ನುವವರೆಗೂ ತುಸು ಕಾಯಬೇಕು. ಶಾಲೆಗೆ ಹೋಗುವ ಅಣ್ಣ, ಅಕ್ಕಂದಿರೂ ಪಾಠದ ಪದ್ಯವನ್ನು ತೊಟ್ಟಿಲ ಬಳಿ ಕೂತು ಓದಬಹುದು.

ಹಾಗೆಂದು ಎಲ್ಲ ತಡವನ್ನೂ ಲೆಕ್ಕದ ಮೇಲೆ ಹಾಕಿ ಸುಮ್ಮನಿರುವಂತಿಲ್ಲ. ‘ಇವನಪ್ಪನೂ ತಡವಾಗಿಯೇ ಮಾತು ಕಲಿತದ್ದು’ ಎಂಬ ಅಜ್ಜಿಯ ಸಮಾಧಾನ ಎಲ್ಲ ಮಕ್ಕಳಿಗೂ ಹೊಂದದು. ಅವಧಿಪೂರ್ವ ಶಿಶುಗಳಲ್ಲಿ ಕಿವಿಯ ದೋಷ ಹಾಗೂ ಮಾತಿನ ತಡ ಹೆಚ್ಚು. ಸದ್ದಿಗೆ ತಿರುಗದ, ತಿದ್ದಿದ ಲೆಕ್ಕದಲ್ಲೂ ಹಿಂದೆ ಬಿದ್ದ ಮಗುವನ್ನು ತಜ್ಞರಿಗೆ ತೋರಿಸಲೇಬೇಕು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಪರೀಕ್ಷೆ, ತರಬೇತಿಗಳಿಗೆ ಹೆಸರಾಗಿದೆ. ಅವಸರದಿಂದ ಬಂದ ಕೂಸಿಗೆ ಹೋಲಿಕೆ ಬೇಡ. ಕಿವಿಗೊಡುವ, ಮಾತಾಡಿಸುವ ಮನೆ ಬೇಕು.