ಮಗನಿಗೆ ತರಿಸಿದ ಪಾನಾ ಸೆಟ್ಟು

ಹೋದ ಸಲ ಗುರೆಳ್ಳು ಹಿಂಡಿ ಬಗ್ಗೆ ಬರದಿದ್ದೆ. ಈ ಸಲ ಅಡಗಿ ಮನಿ ಬಿಟ್ಟು ಹೊರಗ ಬಂದೀನಿ. ಪಾನಾ, ಪಕ್ಕಡ್ ಬಗ್ಗೆ ಬರಿಯಾಕತ್ತೀನಿ. "ಈಕಿಗೇನಾತವ್ವ, ಅವು ಗಂಡಸರ ಸಾಮಾನು" ಅಂತ ನಗಬ್ಯಾಡ್ರಿ. ಕೊಂಡಾಕಿ ನಾನು, ರೊಕ್ಕ ನಂದು, ಮೋಸ ಹೋದಾಕಿನೂ ನಾನ. ಅದಕ್ಕ ಬರಿಯೋದೂ ನಾನ.

ನಮ್ಮ ಸಣ್ಣ ಮಗ ಐಟಿಐ ಮುಗಿಸಿ ರಾಯಚೂರಾಗ ಒಬ್ಬ ಉಸ್ತಾದರ ಗ್ಯಾರೇಜಿನಾಗ ಎರಡು ವರ್ಷ ಕೆಲಸ ಕಲಿತ. ಆಮೇಲೆ ನಮ್ಮ ಕಲ್ಮಲದಾಗ ರೋಡಿನ ಬಾಜೂಕ ಒಂದು ತಗಡಿನ ಶೆಡ್ ಹಾಕ್ಕೊಂಡು ತಾನ ಗಾಡಿ ರಿಪೇರಿ ಸುರು ಮಾಡಿದ. ಮಾನ್ವಿ ಕಡೆ, ದೇವದುರ್ಗ ಕಡೆ ಹೋಗೋ ಬೈಕಿನವರು ನಿಲ್ಲಸ್ತಿದ್ರು. ಕೆಲಸ ಬರ್ತಿತ್ತು, ಖರೆ ಹತ್ಯಾರ ಇರಲಿಲ್ಲ. ಉಸ್ತಾದರು ಕೊಟ್ಟ ಹಳೇ ಪಾನಾದಾಗ ನಡಸ್ತಿದ್ದ.

ದಸರಾ ಹತ್ರ ಬಂತು. ಖಂಡೇ ಪೂಜಿ ದಿನ ಅವನ ಮುಂದ ಹೊಸ ಹತ್ಯಾರ ಇಟ್ಟು ಪೂಜಿ ಮಾಡಸಬೇಕು ಅಂತ ನನಗ ಆಸಿ. ಗೃಹಲಕ್ಷ್ಮಿ ರೊಕ್ಕ ತಿಂಗಳಿಗೆ 2,000 ಬರ್ತದಲ್ಲ, ಅದರಾಗ ಎರಡು ಕಂತು ಮುಟ್ಟದಂಗ ಇಟ್ಟಿದ್ದೆ. ಯಾರಿಗೂ ಹೇಳಲಿಲ್ಲ. ಮೊಬೈಲಿನಾಗ ಹಬ್ಬದ ಸೇಲ್ ನಡದಿತ್ತು. ನಾನ ಕುಂತು ನೋಡಿ ಆರ್ಡರ್ ಹಾಕಿದೆ. 46 ಪೀಸಿನ ಗೋಟಿ ಪಾನಾ ಡಬ್ಬಿ 1,299, ಫಿಕ್ಸ್ ಪಾನಾ ಸೆಟ್ 1,150, ಪಕ್ಕಡ್ ಮತ್ತ ಸ್ಕ್ರೂಡ್ರೈವರ್ ಕೂಡಿ 750. ಒಟ್ಟು 3,199. ಡಬ್ಬಿಯ ಮ್ಯಾಲಿನ ರೇಟು 4,999 ಅಂತ ಬರದು ಗೀಟು ಹೊಡದಿದ್ರು. ಕೆಳಗ ಕೆಂಪು ಅಕ್ಷರದಾಗ "ಇನ್ನ ಎರಡೇ ಉಳದಾವು" ಅಂತಿತ್ತು. ನನ್ನ ಎದಿ ಡವಡವ ಅಂತು. ಬ್ಯಾರೆಯವರು ತೊಗೊಂಡುಬಿಟ್ಟಾರು ಅಂತ ಗಡಬಡಿಸಿ ರೊಕ್ಕ ಕಳಿಸಿದೆ.

ಪಾರ್ಸಲ್ ಹಬ್ಬಕ್ಕ ಒಂಬತ್ತು ದಿನ ಮೊದಲ ಬಂತು. ಮಗಾ ನೋಡಬಾರದು ಅಂತ ಬಿಚ್ಚದ ಜ್ವಾಳದ ಡಬ್ಬಿ ಹಿಂದ ಮುಚ್ಚಿಟ್ಟೆ. ಪೂಜಿ ದಿನ ತೆಗದು ಇಟ್ಟಾಗ ಅವನ ಮಾರಿ ನೋಡಬೇಕಿತ್ರಿ. ನಮ್ಮ ಮನಿಯವರು ಸುದ್ದಾ "ಯವ್ವಾ, ನಿನ್ನ ಕೈಯಾಗ ಇಷ್ಟು ರೊಕ್ಕ ಇತ್ತೇನ" ಅಂದ್ರು. ಅರಿಷಿಣ ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ, ಕಾಯಿ ಒಡದ್ವಿ. ಬೆಳ್ಳಿ ಸಾಮಾನಿನಂಗ ಹೊಳಿತಿದ್ವು.

ಎಂಟು ದಿನ ಆದ ಮ್ಯಾಲ ಬುತ್ತಿ ತೊಗೊಂಡು ಶೆಡ್ಡಿಗೆ ಹೋದೆ. ಬಲಗೈ ಬೆರಳಿನ ಗೆಣ್ಣಿಗೆ ಬಟ್ಟಿ ಸುತ್ಕೊಂಡಿದ್ದ. ಏನಾತೋ ಅಂದ್ರ "ಏನಿಲ್ಲವ್ವ, ಜರದು ಬಡೀತು" ಅಂದ. ಕೈಯಾಗ ನೋಡಿದ್ರ ಉಸ್ತಾದರ ಹಳೇ ಪಾನಾನ. ಹೊಸಾವು ಎಲ್ಲಿ ಅಂತ ಹುಡಿಕಿದ್ರ, ಮೂಲ್ಯಾಗ ಗೋಣಿಚೀಲದ ಕೆಳಗ ಇಟ್ಟಿದ್ದ. ಕುಂಕುಮ ಇನ್ನ ಹಂಗ ಇತ್ತು. 10-11 ನಂಬರಿನ ಪಾನಾದ ಬಾಯಿ ಅಗಲ ಆಗಿತ್ತು. ನಟ್ಟು ಬಿಚ್ಚಾಕ ಜೋರು ಹಾಕಿದಾಗ ಪಾನಾ ಬಾಯಿ ತೆರದು ಜರದದ, ಅವನ ಕೈ ಇಂಜಿನ್ನಿಗೆ ಬಡದದ. ನಟ್ಟಿನ ಮೂಲಿನೂ ಸವದು ಗುಂಡಗ ಆಗಿ, ಅದನ್ನ ಛಿನ್ನಿ ಇಟ್ಟು ಹೊಡದು ತೆಗಿಬೇಕಾತಂತ. ಗಿರಾಕಿ ಬೈದು ಹೋಗ್ಯಾನ.

"ಯಾಕ ಹೇಳಲಿಲ್ಲೋ?" ಅಂದೆ. "ನೀ ಅಷ್ಟು ಆಸಿಲಿಂದ ತಂದಿದ್ದಿ" ಅಂದ. ಅಷ್ಟ ಅಂದ. ನನಗ ಬುತ್ತಿ ಬಿಚ್ಚಾಕೂ ಕೈ ಏಳಲಿಲ್ಲ. 3,199 ಹೋದದ್ದಕ್ಕಲ್ಲ. ನಾ ಕೊಟ್ಟ ಸಾಮಾನಿನಿಂದ ಅವನ ಕೈ ಒಡದಿತ್ತು, ಅದನ್ನ ಅವ ನನ್ನಿಂದ ಮುಚ್ಚಿಟ್ಟಿದ್ದ.

ಮರುದಿನ ಆ ಸಾಮಾನೆಲ್ಲ ಚೀಲದಾಗ ಹಾಕ್ಕೊಂಡು ಉಸ್ತಾದರ ಹತ್ರ ಹೋದೆ. ವಯಸ್ಸಾದವರು, ನಿಧಾನ ಮಾತು. ಪಾನಾ ಕೈಯಾಗ ಹಿಡದು ಅಂಗೈಮ್ಯಾಲ ತೂಗಿ ನೋಡಿ ಕೇಳಿದ್ರು, "ಅಕ್ಕಾರ, ನೀವು ಸಂತ್ಯಾಗ ಗಡಿಗಿ ಹ್ಯಾಂಗ ತೊಗೋತೀರಿ?" ಬೆರಳಿಲೆ ತಟ್ಟಿ ನೋಡಿ ತೊಗೋತೀವಿ ಅಂದೆ. "ತಪೇಲಿ?" ಎತ್ತಿ ತೂಕ ನೋಡ್ತೀವಿ ಅಂದೆ. "ಹಂಗಾದ್ರ ಇದನ್ನ ಯಾಕ ಬರೇ ಫೋಟೋ ನೋಡಿ ತೊಗೊಂಡ್ರಿ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಅವರ ತಿಳಿಸಿ ಹೇಳಿದ್ರು. ಚಲೋ ಪಾನಾ ಅಂದ್ರ ನಮ್ಮ ಊರಾಗ ಕಂಬಾರ ಕುಡಗೋಲು ಮಾಡಿದಂಗ. ಉಕ್ಕು ಕೆಂಪಗ ಕಾಸಿ ಬಡದು ರೂಪ ಕೊಡಬೇಕು, ಮತ್ತ ಕಾಸಿ ಅದ್ದಿ ಹದ ಕೊಡಬೇಕು. ಹದ ಇಲ್ಲದ ಕುಡಗೋಲು ಹೆಂಗ ಮಣಿತದೋ ಹಂಗ ಹದ ಇಲ್ಲದ ಪಾನಾ ಬಾಯಿ ತೆರಿತದ. ಮ್ಯಾಲಿನ ಹೊಳಪು ಬರೇ ಲೇಪ. ಪಾನಾದ ಮ್ಯಾಲ "ಸಿಆರ್-ವಿ" ಅಂತ ಬರದಿತ್ತು. ಕ್ರೋಮ್ ವೆನೇಡಿಯಮ್ ಅನ್ನೋ ಗಟ್ಟಿ ಉಕ್ಕಿನ ಗುರ್ತು ಅದು. "ಅಕ್ಷರ ಕೆತ್ತಾಕ ಏನು ಖರ್ಚು ಬರ್ತದ ಅಕ್ಕಾರ? ಯಾರು ಬೇಕಾದ್ರೂ ಕೆತ್ತಬಹುದು" ಅಂದ್ರು. ಅಯಸ್ಕಾಂತ ಹಚ್ಚಿ ನೋಡಿದ್ರ ತಿಳಿತದೇನು ಅಂತ ಕೇಳಿದೆ. ನಕ್ಕರು. ಸಾದಾ ಕಬ್ಬಿಣಕ್ಕೂ ಅಯಸ್ಕಾಂತ ಹತ್ತತದ, ಗಟ್ಟಿ ಉಕ್ಕಿಗೂ ಹತ್ತತದ.

ಆಮೇಲೆ ಹೆಸರು ತೋರಿಸಿದ್ರು. ನಾನು ದೊಡ್ಡ ಕಂಪನಿದು ಅಂತ ತಿಳಕೊಂಡಿದ್ದೆ. ಅದ ಬಣ್ಣ, ಅದ ನಮೂನಿ ಬರವಣಿಗಿ, ಖರೆ ನಡುವಿನ ಒಂದು ಅಕ್ಷರ ಬ್ಯಾರೆ. ಚಸ್ಮಾ ಹಾಕ್ಕೊಂಡು ಓದಿದಾಗ ಕಂಡಿತು. ಪೆಟ್ಟಿಗಿ ತಿರಿವಿ ನೋಡಿದ್ರ ಮಾಡಿದವರ ಹೆಸರಿಲ್ಲ, ಊರಿಲ್ಲ, ಎಂಆರ್‌ಪಿ ಇಲ್ಲ, ತಿಂಗಳು ವರ್ಷ ಏನೂ ಇಲ್ಲ. ನಾವು ತೊಗೊಳ್ಳೋ ಬಿಸ್ಕಿಟ್ ಪುಡಕಿಮ್ಯಾಲ ಇರ್ತಾವಲ್ಲ, ಅವೆಲ್ಲ ಇಂಥ ಪ್ಯಾಕಿನ ಮ್ಯಾಲೂ ಇರಲೇಬೇಕಂತ ಕಾಯ್ದಿ ಅದ. "ಹೆಸರು ಕೇಳದ ಕಂಪನಿ ಎಲ್ಲಾ ಖೋಟಾ ಅಲ್ಲ" ಅಂತ ಉಸ್ತಾದರು ಅಂದ್ರು. ಪಂಜಾಬಿನ ಜಲಂಧರ್, ಲುಧಿಯಾನಾ ಕಡೆ ಕೈ ಹತ್ಯಾರ ಮಾಡೋ ಸಣ್ಣ ಸಣ್ಣ ಕಾರ್ಖಾನಿ ಭಾಳ ಅದಾವು, ಅವರಾಗ ಚಲೋ ಮಾಲು ಮಾಡವ್ರೂ ಅದಾರ. ತನ್ನ ಹೆಸರು ತಾ ಬರಕೊಂಡವನನ್ನ ನಂಬಬಹುದು, ಮಂದಿ ಹೆಸರು ಕದ್ದವನನ್ನ ನಂಬಬಾರದು.

ಇನ್ನ 46 ಪೀಸಿನ ಡಬ್ಬಿ. ಅದನ್ನ ತೆಗದು ಒಂದೊಂದಾಗಿ ಎಣಿಸಿ ತೋರಿಸಿದ್ರು. ಗೋಟಿ ಬರೇ 13, ಅದೂ 4 ರಿಂದ 14 ನಂಬರಿನ ತನಕ. ಉಳಿದದ್ದು ಬಹಳಷ್ಟು ಸ್ಕ್ರೂ ತಿರುವೋ ಸಣ್ಣ ಸಣ್ಣ ಬಿಟ್ಟು. ಹಿಡಿಕಿನೂ ಕಾಲು ಇಂಚಿಂದು. ಮನ್ಯಾಗಿನ ಸಣ್ಣ ಕೆಲಸಕ್ಕ ಸಾಕು, ಬೈಕಿನ ಗಾಲಿ ನಟ್ಟಿಗೆ 17, 19 ಬೇಕಾಗ್ತಾವು. ಇಲ್ಲಿ ಮಾರಿದವ ಸುಳ್ಳು ಹೇಳಿರಲಿಲ್ಲ. ನಂಬರೆಲ್ಲ ಕೆಳಗ ಸಣ್ಣ ಅಕ್ಷರದಾಗ ಬರದಿದ್ದ, ನಾನ ಓದಿರಲಿಲ್ಲ. 46 ಅನ್ನೋ ಅಂಕಿ ನೋಡಿ ಮರುಳಾಗಿದ್ದೆ.

ಮನಿಗೆ ಬಂದು ವಾಪಸ್ ಮಾಡಾಕ ನೋಡಿದೆ. ಏಳು ದಿನ ಮುಗದಾವು ಅಂತ ಬಂತು. ಏಳು ದಿನ ಆ ಪಾರ್ಸಲ್ ಜ್ವಾಳದ ಡಬ್ಬಿ ಹಿಂದನ ಕುಂತಿತ್ತಲ್ಲ! ಸುಮ್ಮನಾಗಿದ್ದೆ, ಖರೆ ನಮ್ಮ ದೊಡ್ಡ ಸೊಸಿ ಬಿಡಲಿಲ್ಲ. "ಅತ್ತಿ, 1915ಕ್ಕ ಫೋನ್ ಹಚ್ಚೋಣು" ಅಂದಳು. ಅದು ಕೇಂದ್ರ ಸರಕಾರದ ಗ್ರಾಹಕರ ಸಹಾಯವಾಣಿ. ಕನ್ನಡದಾಗ ಮಾತಾಡಬಹುದು. ನಾನ ಮಾತಾಡಿದೆ. ಆರ್ಡರ್ ನಂಬರ್, ಬಿಲ್ಲು, ಪೆಟ್ಟಿಗಿ ಫೋಟೋ, ಬಾಯಿ ತೆರದ ಪಾನಾದ ಫೋಟೋ ಎಲ್ಲಾ ಇಟ್ಕೊಂಡಿದ್ದಕ್ಕ ಅನುಕೂಲ ಆತು. ನಾನು ಬೈಯಲಿಲ್ಲ, ಅಳಲಿಲ್ಲ. "ಬ್ಯಾರೆ ಹೆಸರಿನ ಮಾಲು ಬಂದದ, ಪೆಟ್ಟಿಗಿಮ್ಯಾಲ ಮಾಡಿದವರ ವಿಳಾಸ ಇಲ್ಲ" ಅಂತ ಅಷ್ಟ ಹೇಳಿದೆ. ಕೆಲವು ದಿನ ಬಿಟ್ಟು ಪಾನಾ ಸೆಟ್ಟಿನ 1,150 ವಾಪಸ್ ಬಂತು. ಗೋಟಿ ಡಬ್ಬಿದು ಬರಲಿಲ್ಲ. ಬರಬೇಕು ಅಂತ ನಾನೂ ಕೇಳಲಿಲ್ಲ, ಅದು ನನ್ನ ತಪ್ಪು. ಪಕ್ಕಡ್ ಸುಮಾರು ನಡೀತದ.

ಇದರಾಗ ನಾ ಕಲ್ತದ್ದು ನಿಮಗೂ ಉಪಯೋಗ ಆಗಲಿ ಅಂತ ಹೇಳ್ತೀನಿ. ಪಾನಾಕ್ಕಷ್ಟ ಅಲ್ಲ, ಕುಕ್ಕರಿಗೂ ಮಿಕ್ಸರಿಗೂ ಇದ ಮಾತು.

ಮೊದಲು, ಅದನ್ನ ಬಳಸೋರನ್ನ ಕೇಳ್ರಿ. ನಾ ಗುಟ್ಟಾಗಿ ತರಿಸಿದ್ದ ದೊಡ್ಡ ತಪ್ಪು. ಮಗನಿಗೆ ಒಂದು ಮಾತು ಕೇಳಿದ್ರ "ಅವ್ವ, ನನಗ 10, 12, 14, 17 ಚಲೋವು ನಾಲ್ಕು ಸಾಕು" ಅಂತಿದ್ದ.

ಫೋಟೋ ಬಿಟ್ಟು ಬರದದ್ದನ್ನ ಓದ್ರಿ. ಮೊಬೈಲಿನಾಗ ಕೈಲೆ ತಟ್ಟಾಕ ಬರಲ್ಲ, ಎತ್ತಾಕ ಬರಲ್ಲ. ಅದಕ್ಕ ತೂಕ ಎಷ್ಟು ಬರದಾರ ನೋಡ್ರಿ, ಯಾವ ಯಾವ ನಂಬರ್ ಅದಾವ ನೋಡ್ರಿ. ಎಂಟು ಪಾನಾದ ಸೆಟ್ ಅಂದ್ರ ನಮ್ಮಲ್ಲಿ ಸಾಮಾನ್ಯವಾಗಿ 6-7 ರಿಂದ 20-22 ತನಕ ಇರ್ತಾವು. ಎರಡು ಕಡೆಯ ಮಾಲಿನ ತೂಕ ಹೋಲಿಸಿದ್ರ, ಅದ ಅಳತಿಗೆ ಒಂದು ಭಾಳ ಹಗುರ ಇದ್ರ, ಯಾಕ ಅಂತ ಕೇಳ್ಕೊಳ್ರಿ.

ಕಂಪನಿ ಹೆಸರು ಅಕ್ಷರ ಅಕ್ಷರ ಓದ್ರಿ. ಮಾಡೆಲ್ ನಂಬರ್ ಇದ್ರ ಆ ಕಂಪನಿಯ ಸ್ವಂತ ವೆಬ್‌ಸೈಟಿನಾಗ ಅದು ಅದನೋ ಇಲ್ಲೋ ನೋಡ್ರಿ. ಐಎಸ್‌ಐ ಗುರ್ತು ಅದ ಅಂತ ಹೇಳಿದ್ರ, ಗುರ್ತಿನ ಜೊತಿ ಸಿಎಂ/ಎಲ್ ಅಂತ ಸುರುವಾಗೋ ಲೈಸೆನ್ಸ್ ನಂಬರ್ ಇರಬೇಕು. ಬಿಐಎಸ್ ಕೇರ್ ಅನ್ನೋ ಸರಕಾರದ ಆ್ಯಪಿನಾಗ ಆ ನಂಬರ್ ಹಾಕಿದ್ರ ಯಾರ ಹೆಸರಿಗೆ ಅದ ಅಂತ ತೋರಸ್ತದ.

ಮಾರೋವ ಯಾರು ನೋಡ್ರಿ. ದೊಡ್ಡ ಆ್ಯಪಿನಾಗ ಕೊಂಡ್ರೂ ಮಾರೋವ ಬ್ಯಾರೆಯವ ಇರ್ತಾನ, ಸಂತ್ಯಾಗ ಕುಂತ ವ್ಯಾಪಾರಿ ಇದ್ದಂಗ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವನ ಹೆಸರು, ವಿಳಾಸ, ಮಾಲು ಯಾವ ದೇಶದಾಗ ತಯಾರಾತು, ಎಲ್ಲಾ ತೋರಸಬೇಕು. ದೂರು ಕೇಳೋ ಅಧಿಕಾರಿನೂ ಇರಬೇಕು. ಅವರು 48 ತಾಸಿನಾಗ ನಿಮ್ಮ ದೂರು ಮುಟ್ಟೇದ ಅಂತ ತಿಳಿಸಿ, ಒಂದು ತಿಂಗಳೊಳಗ ಬಗೆಹರಿಸಬೇಕು.

"ಎರಡೇ ಉಳದಾವು" ಅಂದ್ರ ಮೊಬೈಲ್ ಕೆಳಗಿಟ್ಟು ಒಂದು ಚಾ ಮಾಡ್ಕೊಳ್ರಿ. ಇಂಥ ಸುಳ್ಳು ಗಡಬಡಿ ಹಚ್ಚೋದು ತಪ್ಪು ಅಂತ 2023ರಾಗ ಸರಕಾರದ ಮಾರ್ಗಸೂಚಿನ ಬಂದದ. ಮರುದಿನ ನೋಡಿದ್ರ ನಾ ಕೊಂಡ ಡಬ್ಬಿ ಇನ್ನೂ "ಎರಡೇ" ಇತ್ತು! ಗೀಟು ಹೊಡದ ರೇಟಿಗೂ ಬೆಲಿ ಕೊಡಬ್ಯಾಡ್ರಿ. ಅದ ಮಾಲಿಗೆ ಅಂಗಡ್ಯಾಗ ಎಷ್ಟು ಅಂತ ಕೇಳ್ರಿ. ಕೊಂಡವರ ಅಭಿಪ್ರಾಯದಾಗ ಐದು ಚುಕ್ಕಿಯವು ಬಿಟ್ಟು, ಒಂದು ಎರಡು ಚುಕ್ಕಿ ಕೊಟ್ಟವರು ಏನು ಬರದಾರ, ಯಾವ ಫೋಟೋ ಹಾಕ್ಯಾರ ಅದನ್ನ ಓದ್ರಿ. ನಾ ಆಮೇಲೆ ಓದಿದೆ. "ಬಾಯಿ ಅಗಲ ಆತು" ಅಂತ ಇಬ್ಬರು ಮೊದಲ ಬರದಿದ್ರು.

ಬಂದ ದಿನಾನ ಬಿಚ್ರಿ. ಬಿಚ್ಚೂಮುಂದ ವಿಡಿಯೋ ಮಾಡ್ರಿ. ಹಬ್ಬಕ್ಕ ಕೊಡೋದಿದ್ರ ಬಿಚ್ಚಿ ನೋಡಿ ಮತ್ತ ಕಟ್ಟಿಡ್ರಿ.

ವಾಟ್ಸಾಪಿನಾಗ ಲಿಂಕ್ ಬಂದು, ವಿಳಾಸ ಇಲ್ಲದ ವೆಬ್‌ಸೈಟಿನಾಗ ಯಾರದೋ ಹೆಸರಿಗೆ ರೊಕ್ಕ ಹಾಕು ಅಂದ್ರ ಹಾಕಬ್ಯಾಡ್ರಿ. ಅದು ಖೋಟಾ ಮಾಲಲ್ಲ, ಮಾಲ ಬರಂಗಿಲ್ಲ. ಹಂಗ ರೊಕ್ಕ ಹೋದ್ರ ನಾಚ್ಕೊಂಡು ಕೂಡದ ತಕ್ಷಣ 1930ಕ್ಕ ಫೋನ್ ಹಚ್ರಿ. ಯಾವುದರಲ್ಲೂ ಬಗೆಹರೀಲಿಲ್ಲ ಅಂದ್ರ ಜಿಲ್ಲಾ ಗ್ರಾಹಕರ ಆಯೋಗ ಅದ. ಮಾರೋವ ದಿಲ್ಲ್ಯಾಗಿದ್ರೂ ನಾವಿರೋ ಜಿಲ್ಲಾದಾಗ ದೂರು ಕೊಡಬಹುದು. ಐದು ಲಕ್ಷದ ತನಕದ ಮಾಲಿಗೆ ಫೀ ಇಲ್ಲ, ಎರಡು ವರ್ಷದೊಳಗ ಕೊಡಬೇಕು.

ವಾಪಸ್ ಬಂದ ರೊಕ್ಕ ಹಿಡ್ಕೊಂಡು ಮಗನ ಜೋಡಿ ರಾಯಚೂರಿಗೆ ಹೋದೆ. ತೀನ್ ಕಂದೀಲ್ ಕಡೆ ಹಾರ್ಡ್‌ವೇರ್ ಅಂಗಡ್ಯಾಗ ಅವನ ಆರಿಸಿದ, ನಾ ಕೈಯಾಗ ತೂಗಿ ನೋಡಿದೆ. ಅಂಗಡಿಯವರು ನಕ್ಕರು, ನಗಲಿ. ನಾಲ್ಕ ಪಾನಾ ತೊಗೊಂಡ್ವಿ, ಬಿಲ್ಲು ಹಾಕಿಸಿಕೊಂಡ್ವಿ. ಮುಂದ ಮ್ಯಾಗ್ನೆಟ್ ಪುಲ್ಲರ್ ಬೇಕಾದಾಗ ಮೊಬೈಲಿನಾಗ ತರಿಸಿದ್ವಿ. ಇಬ್ಬರೂ ಕುಂತು ಓದಿ, ಮಾಡೆಲ್ ನೋಡಿ, ಬಂದ ಕೂಡಲೇ ಬಿಚ್ಚಿ ನೋಡಿದ್ವಿ. ಚಲೋ ಬಂತು. ಮೊಬೈಲಿನಾಗ ಕೊಳ್ಳೋದ ತಪ್ಪು ಅಂತ ನಾ ಹೇಳಂಗಿಲ್ಲ.

46 ಪೀಸಿನ ಡಬ್ಬಿ ಈಗ ನನ್ನ ಹೊಲಿಗಿ ಮಷೀನಿನ ಬಾಜೂಕ ಅದ. ಮಷೀನಿನ ಸ್ಕ್ರೂ, ಕುಕ್ಕರಿನ ಹಿಡಿಕಿ, ಮಿಕ್ಸರಿನ ಕಾಲು, ಎಲ್ಲಾ ನಾನ ಬಿಗಿ ಮಾಡ್ಕೋತೀನಿ. ಮಗನ ಬೆರಳಿನ ಗಾಯ ಮಾಯ್ದದ, ಕಲಿ ಉಳದದ. ರೊಟ್ಟಿ ಹಾಕೂಮುಂದ ಆ ಕಲಿ ಕಣ್ಣಿಗೆ ಬೀಳ್ತದ. ಅವ "ಏನ್ ನೋಡ್ತಿಯವ್ವ, ಪಲ್ಯ ಹಾಕು" ಅಂತಾನ.

ನೀವೂ ಏನಾರ ತರಸೋದಿದ್ರ ಮೊದಲು ಬಾಜೂ ಮನಿಯಾಕಿನ ಕೇಳ್ರಿ, ಮನ್ಯಾಗ ಬಳಸೋರನ್ನ ಕೇಳ್ರಿ. ಮೋಸ ಹೋಗಿದ್ರ ಮುಚ್ಚಿಡಬ್ಯಾಡ್ರಿ, ಇನ್ನೊಬ್ಬಾಕಿಗೆ ಹೇಳ್ರಿ. ಆಕಿ ರೊಕ್ಕರ ಉಳೀಲಿ.