ಹೋಗಿ ಬರುತ್ತೇನೆ

ನಮ್ಮ ಭಾಷೆಯಲ್ಲಿ ಮನೆಯಿಂದ ಹೊರಡುವವನು 'ಹೋಗುತ್ತೇನೆ' ಎನ್ನಬಾರದು. 'ಬರುತ್ತೇನೆ' ಎನ್ನಬೇಕು, ಹೆಚ್ಚೆಂದರೆ 'ಹೋಗಿ ಬರುತ್ತೇನೆ' ಎನ್ನಬಹುದು. ಹುಡುಗನಾಗಿದ್ದಾಗ ಒಂದು ಬೆಳಗ್ಗೆ ಶಾಲೆಗೆ ಓಡುವ ಆತುರದಲ್ಲಿ ನಾನು ಬಾಯಿ ತಪ್ಪಿ "ಹೋಗ್ತೀನಮ್ಮಾ" ಎಂದುಬಿಟ್ಟೆ. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ನನ್ನನ್ನು ಹೊಸ್ತಿಲೊಳಕ್ಕೆ ಕರೆದು, ಮಣೆಯ ಮೇಲೆ ಒಂದು ನಿಮಿಷ ಕೂರಿಸಿ, "ಹೋಗಿ ಬರ್ತೀನಿ" ಎಂದು ಹೇಳಿಸಿದ ಮೇಲೆಯೇ ಕಳಿಸಿದ್ದು. ಶಾಲೆ ಇದ್ದದ್ದು ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ.

ಎರಡು ಬೀದಿಗೇ ಇಷ್ಟು ಎಚ್ಚರ ಬೇಕಾದರೆ ಎರಡು ಸಮುದ್ರಗಳಿಗೆ ಎಷ್ಟು ಬೇಕು? ಈಗ ನನಗೆ ಎಪ್ಪತ್ತು ದಾಟಿದೆ. ಕೆಲವು ವರ್ಷಗಳಿಂದ ಸಖರಾಯಪಟ್ಟಣದಲ್ಲಿ ಅರ್ಧ, ನ್ಯೂಜೆರ್ಸಿಯಲ್ಲಿ ಅರ್ಧ ಎಂಬಂತೆ ಬದುಕುತ್ತಿದ್ದೇನೆ. ಇಲ್ಲಿಂದ ಹೊರಡುವಾಗಲೂ ಬರುತ್ತೇನೆ ಎನ್ನುತ್ತೇನೆ. ಅಲ್ಲಿಂದ ಹೊರಡುವಾಗಲೂ ಬರುತ್ತೇನೆ ಎನ್ನುತ್ತೇನೆ. ಎರಡನ್ನೂ ಮನಸಾರೆಯೇ ಹೇಳುತ್ತೇನೆ. ಆದರೆ ಈ ಎರಡರಲ್ಲಿ ಯಾವುದು ನಿಜ ಎಂದು ಕೇಳುವ ಕಾನೂನೊಂದು ಲೋಕದಲ್ಲಿದೆ ಎಂದು ನನಗೆ ತಿಳಿದದ್ದು ತೀರ ತಡವಾಗಿ.

ನನ್ನಾಕೆ ತೀರಿಕೊಂಡ ಮೇಲೆ ಮಗ ಬಿಡಲಿಲ್ಲ. ಅವನು ಅಲ್ಲಿನ ಪೌರನಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಪೌರನಾದವನು ತಂದೆತಾಯಿಗಳನ್ನು ಕರೆಸಿಕೊಳ್ಳಬಹುದು. ಅರ್ಜಿ ಹಾಕಿದ, 2021ರಲ್ಲಿ ನನಗೆ ಗ್ರೀನ್ ಕಾರ್ಡು ಬಂತು. 'ಕಾಯಂ ನಿವಾಸಿ' ಎಂದು ಅದರ ಅರ್ಥ. ಕಾಯಂ ಎಂಬ ಮಾತನ್ನು ನಾನು ಮೇಷ್ಟರ ಕೆಲಸದಲ್ಲಿ ಚೆನ್ನಾಗಿ ಬಲ್ಲೆ. ಹಂಗಾಮಿಯಾಗಿದ್ದಾಗ ರಜ ಹಾಕಲು ಹೆದರಿಕೆ. ಕಾಯಂ ಆದ ಮೇಲೆ ನಿಶ್ಚಿಂತೆಯಾಗಿ ಹಾಕಬಹುದು. ಅಮೆರಿಕದ ಕಾಯಂ ಇದಕ್ಕೆ ತಲೆಕೆಳಗು. ಅಲ್ಲಿ ಕಾಯಂ ಆದವನೇ ರಜ ಹಾಕಬಾರದು.

ಲೆಕ್ಕ ಹೀಗಿದೆ. ಪೌರತ್ವ ಬೇಕೆನ್ನುವವನು ಕಾರ್ಡು ಬಂದ ಮೇಲೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಆ ಐದು ವರ್ಷಗಳಲ್ಲಿ ಕಡಮೆಯೆಂದರೆ ಮೂವತ್ತು ತಿಂಗಳು ಅವನ ಮೈ ಆ ನೆಲದ ಮೇಲೆ ಇದ್ದಿರಬೇಕು. ಇದು ಹಾಜರಿಯ ಲೆಕ್ಕ, ಮೇಷ್ಟರಾದವರಿಗೆ ಕಷ್ಟವಿಲ್ಲ. ಎರಡನೆಯದು ಸತತವಾಸದ ಲೆಕ್ಕ. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ನಿನ್ನ ವಾಸ ಕಡಿದುಹೋಯಿತು ಎಂದು ಕಾನೂನು ಊಹಿಸಿಕೊಳ್ಳುತ್ತದೆ. ಇಲ್ಲವೆಂದು ಸಾಧಿಸುವ ಭಾರ ನಮ್ಮ ತಲೆಯ ಮೇಲೆ. ವರ್ಷ ತುಂಬಿತೋ, ಊಹೆಯೂ ಇಲ್ಲ, ವಾದವೂ ಇಲ್ಲ. ಹೆಣೆದ ಬುಟ್ಟಿಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯಬೇಕು. ಆಗ ಬರಿಯ ಕಾರ್ಡು ಹಿಡಿದುಕೊಂಡು ಒಳಗೆ ಹೋಗುವುದೂ ಆಗದು.

ಮಗನ ಮನೆಯ ಹತ್ತಿರದ ಉದ್ಯಾನದಲ್ಲಿ ಸಂಜೆ ನನ್ನಂಥ ಹಿರಿಯರು ಸೇರುತ್ತಾರೆ. ಗುಜರಾತಿನವರು, ಆಂಧ್ರದವರು, ನಮ್ಮ ಕಡೆಯವರು. ಊರಿನ ಕಟ್ಟೆಯಲ್ಲಾದರೆ ಮಳೆ, ಅಡಿಕೆಯ ಧಾರಣೆ, ಸೊಸೆಯಂದಿರ ಗುಣ ಇವು ಮಾತಿನ ವಸ್ತು. ಇಲ್ಲಿ ಸೊಸೆಯಂದಿರ ಗುಣ ಹಾಗೆಯೇ ಉಳಿದು, ಮಳೆ ಮತ್ತು ಅಡಿಕೆಯ ಜಾಗಕ್ಕೆ ದಿನದ ಲೆಕ್ಕ ಬಂದಿದೆ. "ನಿಮ್ಮದು ಎಷ್ಟಾಯಿತು?" "ನೂರ ಮೂವತ್ತು ಹೊರಗೆ; ನಿಮ್ಮದು?" ದಾವಣಗೆರೆಯ ಕಡೆಯ ಹಿರಿಯರೊಬ್ಬರು ಎರಡು ವರ್ಷದ ಮರುಪ್ರವೇಶದ ಪರ್ಮಿಟ್ಟು ಮಾಡಿಸಿಕೊಂಡು, ಇನ್ನೇನು ಚಿಂತೆ ಎಂದು ಹದಿನಾಲ್ಕು ತಿಂಗಳು ಊರಲ್ಲಿದ್ದು ಬಂದರು. ಪರ್ಮಿಟ್ಟು ಅವರನ್ನು ಒಳಗೆ ಬಿಟ್ಟಿತು, ನಿಜ. ಆದರೆ ಅದು ಬಾಗಿಲಿನ ಚೀಟಿಯೇ ಹೊರತು ಪೌರತ್ವದ ಲೆಕ್ಕಕ್ಕೆ ಜಮೆಯಲ್ಲ. ಅವರ ಹಿಂದಿನ ಮೂರು ವರ್ಷ ನೀರಿಗೆ ಹೋಯಿತು. ಅವರು ಆ ವಿಷಯ ಹೇಳುವಾಗ ಬೆಳೆ ಕಳೆದುಕೊಂಡವರ ಹಾಗೆ ಹೇಳುತ್ತಿದ್ದರು.

"ನಿಮಗೆ ಈ ವಯಸ್ಸಿನಲ್ಲಿ ಆ ಪೌರತ್ವ ಯಾಕೆ ಬೇಕು, ಮೇಷ್ಟ್ರೆ?" ಎಂದು ಓದುಗರು ಕೇಳಬಹುದು. ಊರಿನವರೂ ಕೇಳಿದ್ದಾರೆ. ಅಲ್ಲಿನ ವೈಭೋಗಕ್ಕಲ್ಲ. ಕಾರ್ಡು ಇದ್ದವನು ಆ ದೇಶ ಬಿಟ್ಟು ಬಹಳ ದಿನ ಇರುವ ಹಾಗಿಲ್ಲ. ಪೌರನಾದವನು ಎಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು. ಅಂದರೆ ನಾನು ಸಖರಾಯಪಟ್ಟಣದಲ್ಲಿ ಇಷ್ಟಬಂದಷ್ಟು ದಿನ ಜಗಲಿಯ ಮೇಲೆ ಕೂತಿದ್ದು, ಬೇಕೆನಿಸಿದಾಗ ಮೊಮ್ಮಗಳನ್ನು ನೋಡಿ ಬರಬೇಕಾದರೆ, ಮೊದಲು ಅಮೆರಿಕದವನಾಗಬೇಕು. ಊರಿನಲ್ಲಿ ನಿಶ್ಚಿಂತೆಯಾಗಿ ಇರುವುದಕ್ಕೆ ಊರಿನ ಪ್ರಜೆಯಾಗಿರುವುದನ್ನು ಬಿಡಬೇಕು! ಏಕೆಂದರೆ ನಮ್ಮ 1955ರ ಪೌರತ್ವ ಕಾಯಿದೆಯ ಒಂಬತ್ತನೆಯ ಕಲಮಿನ ಪ್ರಕಾರ ಸ್ವಇಚ್ಛೆಯಿಂದ ಪರದೇಶದ ಪೌರತ್ವ ಪಡೆದವನು ಭಾರತದ ಪೌರನಾಗಿ ಉಳಿಯುವುದಿಲ್ಲ. ಆಮೇಲೆ ಅವನಿಗೆ ಓಸಿಐ ಎಂಬ ಇನ್ನೊಂದು ಕಾರ್ಡು ಸಿಗುತ್ತದೆ. ಅದನ್ನು ಹಿಡಿದು ಜೀವಮಾನವೆಲ್ಲ ಇಲ್ಲಿ ಬಂದಿರಬಹುದು. ಪಿತ್ರಾರ್ಜಿತವಾಗಿ ಬಂದ ಗದ್ದೆ ತೋಟ ಇಟ್ಟುಕೊಳ್ಳಬಹುದು. ಹೊಸದಾಗಿ ಒಂದು ಗುಂಟೆ ಕೃಷಿ ಭೂಮಿ ಕೊಳ್ಳುವ ಹಾಗಿಲ್ಲ. ಮತ ಹಾಕುವ ಹಾಗಿಲ್ಲ.

ಮತದ ಮಾತು ಬಂದದ್ದರಿಂದ ಅಣ್ಣನ ಮಾತು ಹೇಳಬೇಕು.

2024ರ ಸಂಕ್ರಾಂತಿಯ ಹೊತ್ತಿಗೆ ನಾನು ಊರಿಗೆ ಬಂದೆ. ಜುಲೈ ಮೊದಲ ವಾರಕ್ಕೆ ಹಿಂತಿರುಗುವ ಟಿಕೆಟ್ಟು. ಆರು ತಿಂಗಳಿಗೆ ಇನ್ನೂ ಕೆಲವು ದಿನ ಉಳಿಯುವಂತೆ ಮಗ ಲೆಕ್ಕ ಹಾಕಿ ತೆಗೆದದ್ದು. ಒಂಟಿಕೊಪ್ಪಲ್ ಪಂಚಾಂಗದ ಅಂಚಿನಲ್ಲಿ ನಾನು ದಿನಕ್ಕೊಂದು ಗೀಟು ಹಾಕುತ್ತಿದ್ದೆ. ಏಪ್ರಿಲ್ 26ರಂದು ಲೋಕಸಭೆಯ ಚುನಾವಣೆ. ಹೊರದೇಶದಲ್ಲಿರುವ ಭಾರತೀಯ ಪೌರರೂ ಹೆಸರು ನೋಂದಾಯಿಸಿಕೊಂಡು, ಪಾಸ್‌ಪೋರ್ಟು ತೋರಿಸಿ, ಊರಿಗೆ ಬಂದು ಮತ ಹಾಕಬಹುದೆಂದು 2010ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿದೆ. ನಾನು ಹಾಗೆ ನೋಂದಾಯಿಸಿಕೊಂಡಿದ್ದೆ. ಅಣ್ಣನಿಗೆ ಆಗಲೇ ಉಸಿರು ಕಟ್ಟುತ್ತಿತ್ತು. ಆದರೂ ನನ್ನ ಹೆಗಲು ಹಿಡಿದು ಮತಗಟ್ಟೆಗೆ ಬಂದ. ಹೊರಗೆ ಬಂದ ಮೇಲೆ ತನ್ನ ಬೆರಳಿನ ಶಾಯಿಯನ್ನೂ ನನ್ನ ಬೆರಳಿನ ಶಾಯಿಯನ್ನೂ ಜೊತೆಗಿಟ್ಟು ನೋಡಿ, "ನಿಂದು ಸ್ವಲ್ಪ ತೆಳುವಾಯ್ತು ಕಣೋ" ಎಂದು ನಕ್ಕ.

ಜೂನ್ ಕಳೆಯುವ ಹೊತ್ತಿಗೆ ಅಣ್ಣ ಹಾಸಿಗೆ ಹಿಡಿದ. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಹತ್ತು ದಿನವಿದ್ದು ಮನೆಗೆ ಬಂದ. ಮನೆಗೆ ಕಳಿಸಿದ್ದು ಏಕೆಂದು ನಮಗೂ ಗೊತ್ತು, ಅವನಿಗೂ ಗೊತ್ತು. ಮಗ ಫೋನು ಮಾಡಿದ. "ಅಪ್ಪ, ನೂರ ಎಪ್ಪತ್ತು ಆಯ್ತು. ದೊಡ್ಡಪ್ಪನ ವಿಷಯ ನನಗೆ ಅರ್ಥವಾಗುತ್ತೆ. ಆದರೆ..." ಅವನು ಆದರೆ ಎಂದವನು ಮುಂದೆ ಹೇಳಲಿಲ್ಲ. ಒಳ್ಳೆಯ ಹುಡುಗ.

ಅಣ್ಣನಿಗೆ ಹೇಗೋ ತಿಳಿಯಿತು. ಹತ್ತಿರ ಕರೆದ. "ಹೋಗೋ. ನನಗೇನು ಹೇಳೋ ಹಾಗಿಲ್ಲ, ಎಷ್ಟು ದಿನವೋ. ನಿನ್ನ ಕಾಗದ ಕೆಡತ್ತಂತೆ."

"ಕೆಟ್ಟರೆ ಕೆಡಲಿ ಅಣ್ಣಯ್ಯ," ಎಂದೆ.

"ಬರ್ತೀನಿ ಅಂತ ಹೇಳಿ ಹೋಗು. ನಾನು ಇರ್ತೀನಿ," ಎಂದ.

ಅವನು ಅದನ್ನು ಸಮಾಧಾನಕ್ಕೆ ಹೇಳಿದ. ಆದರೆ ಆ ಮಾತು ಕೇಳಿದ ಮೇಲೆ ನನಗೆ ಹೊರಡುವ ಧೈರ್ಯ ಬರಲಿಲ್ಲ. ಅದಕ್ಕೆ ಕಾರಣ ನಮ್ಮ ಅಯ್ಯನಕೆರೆ.

ಸಖರಾಯಪಟ್ಟಣದ ಹುಡುಗರೆಲ್ಲ ಈ ಕಥೆ ಕೇಳಿಯೇ ಬೆಳೆದವರು. ಕೆರೆ ಕಟ್ಟಿಸಿದವನು ರುಕ್ಮಾಂಗದ ರಾಯನೆಂದು ಪ್ರತೀತಿ. ಹೊಯ್ಸಳರ ಕಾಲದಲ್ಲಿ ಅದರ ಜೀರ್ಣೋದ್ಧಾರವಾಯಿತೆಂದು ಹೇಳುತ್ತಾರೆ. ಶಕುನಗಿರಿಯ ಅಡಿಯಲ್ಲಿ ಸಮುದ್ರದ ಹಾಗೆ ಹರಡಿಕೊಂಡಿದೆ. ಒಂದು ಮಳೆಗಾಲದ ರಾತ್ರಿ ಕೆರೆ ಕಾಯುವ ತೋಟಿಯ ಮುಂದೆ ಗಂಗಮ್ಮ ಪ್ರತ್ಯಕ್ಷಳಾಗಿ, "ಇನ್ನು ನಾನು ಇಲ್ಲಿ ನಿಲ್ಲಲಾರೆ, ಏರಿ ಒಡೆದು ಹೊರಡುತ್ತೇನೆ" ಎಂದಳಂತೆ. ತೋಟಿ ಕೈಮುಗಿದು, "ತಾಯಿ, ರಾಜರಿಗೆ ಒಂದು ಮಾತು ತಿಳಿಸಿ ಬರುತ್ತೇನೆ, ನಾನು ಬರುವ ತನಕ ನಿಲ್ಲು" ಎಂದು ಬೇಡಿಕೊಂಡ. ಆಗಲಿ ಎಂದು ಮಾತು ಕೊಟ್ಟಳು. ಅವನು ಓಡಿ ಬಂದು ಹೇಳಿದ. ಇವನು ಹಿಂತಿರುಗಿದರೆ ತಾನೇ ಕೆರೆ ಒಡೆಯುವುದು ಎಂದು ಅವನನ್ನು ಅಲ್ಲಿಯೇ ಕೊಲ್ಲಿಸಿದರು. ತೋಟಿ ಬರಲಿಲ್ಲ, ಗಂಗಮ್ಮ ಇನ್ನೂ ಕಾಯುತ್ತಿದ್ದಾಳೆ. ಇಂಥ ಕಥೆ ನಾಡಿನ ಬೇರೆ ಕೆರೆಗಳಿಗೂ ಉಂಟು. ಆದರೆ ಚಿಕ್ಕಂದಿನಲ್ಲಿ ಏರಿಯ ಮೇಲೆ ನಿಂತು ಕೇಳಿದವನಿಗೆ ಅದು ತನ್ನ ಕೆರೆಯ ಕಥೆಯೇ.

ಬರುತ್ತೇನೆ ಎಂದವನಿಗಾಗಿ ಕಾಯುವವರ ಕಷ್ಟ ಎಂಥದೆಂದು ಆ ಕೆರೆಯ ನೀರು ನೋಡಿದವರಿಗೆ ಗೊತ್ತು. ಅಣ್ಣನನ್ನು ಹಾಗೆ ಕಾಯಿಸಲು ನನಗೆ ಮನಸ್ಸಾಗಲಿಲ್ಲ. ಟಿಕೆಟ್ಟು ಬಿಟ್ಟೆ. ನೂರ ಎಂಬತ್ತನೆಯ ದಿನ ಅಣ್ಣನಿಗೆ ಗಂಜಿ ಕುಡಿಸುತ್ತಾ ಕಳೆಯಿತು. ಪಂಚಾಂಗದಲ್ಲಿ ಗೀಟು ಹಾಕುವುದನ್ನು ಮರೆತೆ. ಜುಲೈ ಕೊನೆಯ ವಾರದ ಹೊತ್ತಿಗೆ ಅವನು ಹೋದ. ಹದಿಮೂರನೆಯ ದಿನದ ಕಾರ್ಯ ಮುಗಿಸಿ, ಒಂದು ವಾರ ಅತ್ತಿಗೆಯ ಹತ್ತಿರ ಇದ್ದು ನಾನು ಹೊರಟಾಗ ಇನ್ನೂರ ಹನ್ನೊಂದು ದಿನವಾಗಿತ್ತು.

ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕಾರ್ಡು ತಿರುಗಿಸಿ ನೋಡಿ, ಏಳು ತಿಂಗಳು ಎಲ್ಲಿದ್ದಿರಿ ಎಂದು ಕೇಳಿದರು. ಅಣ್ಣ ತೀರಿಕೊಂಡ ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ವಿಷಾದವೆಂದು ಹೇಳಿ ಕಾರ್ಡು ಹಿಂದಕ್ಕೆ ಕೊಟ್ಟರು. ಕೆಟ್ಟ ಮನುಷ್ಯರಲ್ಲ. ಆದರೆ ಪೌರತ್ವದ ಲೆಕ್ಕ ಅವರ ಕೈಯಲ್ಲಿಲ್ಲ. ಮಗ ವಕೀಲರನ್ನು ಕೇಳಿದ. ಅಲ್ಲಿಯೇ ಮನೆಯಿತ್ತು, ಮಗನ ಸಂಸಾರ ಅಲ್ಲಿಯೇ ಇತ್ತು ಎಂದು ಕಾಗದಪತ್ರ ಒಡ್ಡಿ ವಾದಿಸಬಹುದು. ಇಲ್ಲವೆ ಹಿಂತಿರುಗಿದ ದಿನದಿಂದ ನಾಲ್ಕೂವರೆ ವರ್ಷ ಮತ್ತೆ ಕಾಯಬಹುದು ಎಂದರು. ಅಂದರೆ 2029ರ ತನಕ.

ನಾನು ಕಾನೂನನ್ನು ಬೈಯುವುದಿಲ್ಲ. ಅದಕ್ಕೆ ಮನಸ್ಸು ಓದುವ ವಿದ್ಯೆ ಇಲ್ಲ. ದಿನ ಎಣಿಸುವ ವಿದ್ಯೆ ಮಾತ್ರ ಇದೆ. ನಮ್ಮ ದೇಶವೂ ಎಣಿಸುತ್ತದೆ. ಪರದೇಶದವನೊಬ್ಬ ಭಾರತೀಯನಾಗಬೇಕಾದರೆ ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು ಇಲ್ಲಿರಬೇಕು. ಅದಕ್ಕೂ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಸಾಮಾನ್ಯವಾಗಿ ಹನ್ನೊಂದು ವರ್ಷ ಇಲ್ಲಿ ಕಳೆದಿರಬೇಕು. ಮೇಲಾಗಿ, ನಮ್ಮವರ ದಿನಗಳನ್ನು ಅಮೆರಿಕ ಎಣಿಸಲೇ ಒಪ್ಪದ ಕಾಲವೊಂದಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಅವರ ಸೈನ್ಯದಲ್ಲೇ ಇದ್ದ ಭಗತ್ ಸಿಂಗ್ ತಿಂದ್ ಎಂಬ ಪಂಜಾಬಿಗೆ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ನೀನು ಬಿಳಿಯನಲ್ಲ, ಪೌರನಾಗಲಾರೆ ಎಂದು ತೀರ್ಪು ಕೊಟ್ಟಿತು. ಭಾರತೀಯರಿಗೆ ಬಾಗಿಲು ತೆರೆದದ್ದು 1946ರ ಕಾನೂನು. ಆಗಲೂ ಹೊಸದಾಗಿ ಒಳಗೆ ಬಿಟ್ಟದ್ದು ವರ್ಷಕ್ಕೆ ನೂರು ಜನರನ್ನು. ಅವರಿಗೆ ಹೋಲಿಸಿದರೆ ನನ್ನದು ಶ್ರೀಮಂತರ ಕಷ್ಟ.

ಹೀಗಿದ್ದೂ ಒಮ್ಮೊಮ್ಮೆ ಆ ಕಾರ್ಡನ್ನು ಹಿಂದಕ್ಕೆ ಕೊಟ್ಟು ಜಗಲಿಯ ಮೇಲೆ ಕೂತುಬಿಡೋಣ ಎನಿಸುತ್ತದೆ. ಹಾಗೆ ಎನಿಸಿದ ದಿನವೇ ಮೊಮ್ಮಗಳ ಫೋನು ಬರುತ್ತದೆ. ಅವಳಿಗೆ ಎಂಟು ವರ್ಷ. "ತಾತ, ಇನ್ನು ಎಷ್ಟು ನಿದ್ದೆ?" ಎಂದು ಕೇಳುತ್ತಾಳೆ. ಅಲ್ಲಿನ ಮಕ್ಕಳು ಕಾಯುವ ದಿನಗಳನ್ನು ನಿದ್ದೆಯಿಂದ ಎಣಿಸುತ್ತಾರೆ. ಅವಳ ಕೋಣೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇದೆಯಂತೆ. ನಾನು ಹೊರಟ ದಿನದಿಂದ ಪ್ರತಿ ರಾತ್ರಿ ಒಂದು ಗೀಟು ಹಾಕಿ ಮಲಗುತ್ತಾಳಂತೆ. ಎಣಿಸುವವರು ಸರ್ಕಾರದವರು ಮಾತ್ರ ಎಂದುಕೊಂಡಿದ್ದೆ, ನನ್ನ ತಪ್ಪು.

ನಾಳೆ ಮತ್ತೆ ಹೊರಡಬೇಕು. ಈ ಸಲ ನೂರ ನಲವತ್ತೇ ದಿನ. ಬೆಳಗ್ಗೆ ಸೂಟ್‌ಕೇಸು ಹೊಸ್ತಿಲ ಹತ್ತಿರ ಇಟ್ಟಾಗ ಅತ್ತಿಗೆ ಹುರಿಗಡಲೆ ಚಟ್ನಿಪುಡಿಯ ಡಬ್ಬಿ ತಂದುಕೊಟ್ಟು, "ಅಣ್ಣನ ವರ್ಷಾಬ್ದಿಕಕ್ಕೆ ಇರ್ತೀಯಾ ತಾನೆ?" ಎಂದರು. ಪಂಚಾಂಗ ತೆಗೆದು ನೋಡಿದೆ. ಮಗನ ಲೆಕ್ಕಕ್ಕೂ ಅಣ್ಣನ ತಿಥಿಗೂ ಹೊಂದುತ್ತದೆ. ನಾಲ್ಕು ದಿನ ಕೈಯಲ್ಲಿ ಉಳಿಯುತ್ತದೆ.

"ಇರ್ತೀನಿ ಅತ್ತಿಗೆ. ಹೋಗಿ ಬರ್ತೀನಿ," ಎಂದೆ.

"ನಾಳೆ ಹೊರಡೋವಾಗ ಹೇಳು ಅದನ್ನ," ಎಂದರು. "ಈಗಲೇ ಯಾಕೆ?"