ವಾಸದ ಪುರಾವೆ

ಟ್ರಂಕು, ಹಾಸಿಗೆಸುರುಳಿಗಳೊಡನೆ ಅನಮೋಡ ಘಟ್ಟವಿಳಿದು ನಾವು ಉಸಗಾಂವಕ್ಕೆ ಬಂದದ್ದು 1982ರ ಜೂನ್ ತಿಂಗಳಲ್ಲಿ. ಆಗ ಗೋವೆಯು ದಮನ್ ಮತ್ತು ದಿಯುಗಳೊಡನೆ ಕೂಡಿದ ಕೇಂದ್ರಾಡಳಿತ ಪ್ರದೇಶವಾಗಿತ್ತು. ರಾಜ್ಯವಾದದ್ದು 1987ರ ಮೇ 30ರಂದು. ಆ ಲೆಕ್ಕದಲ್ಲಿ ಇಲ್ಲಿಯ ನಮ್ಮ ವಾಸ್ತವ್ಯವು ಗೋವಾ ರಾಜ್ಯಕ್ಕಿಂತ ಐದು ವರ್ಷ ಹಿರಿಯದು. ಆದರೂ ಎಪ್ಪತ್ತು ದಾಟಿದ ಮೇಲೆ ಈ ಊರಿನವರೆಂಬುದಕ್ಕೆ ನಾವು ಪುರಾವೆ ಒದಗಿಸಬೇಕಾಗಿ ಬಂದಿತು.

ಸಂಗತಿ ಇಷ್ಟು. ನಮ್ಮ ಮಗ ಕೆಲವು ವರ್ಷಗಳಿಂದ ಮಸ್ಕತ್ತಿನಲ್ಲಿ ನೌಕರಿಯಲ್ಲಿದ್ದಾನೆ. ಊರಿಗೆ ಮರಳಿ ಇಲ್ಲಿಯೇ ಸರ್ಕಾರಿ ಹುದ್ದೆಯೊಂದಕ್ಕೆ ಅರ್ಜಿ ಹಾಕುವ ಆಸೆ ಅವನಿಗೆ. ಗೋವೆಯಲ್ಲಿ ಸರ್ಕಾರಿ ನೌಕರಿಗೆ 15 ವರ್ಷಗಳ ವಾಸದ ಪ್ರಮಾಣಪತ್ರ ಬೇಕೆಂಬುದು ನಮ್ಮ ಸಂಘದ ಮನೆಮನೆಗೂ ತಿಳಿದ ವಿಷಯ. ಒಂದು ರಾತ್ರಿ ದೂರವಾಣಿಯಲ್ಲಿ ಅವನೆಂದ: “ಅಪ್ಪಾ, ನನಗ ಈಗ ರಜಾ ಸಿಗೂದಿಲ್ಲ. ಇಲ್ಲಿ ರಾಯಭಾರ ಕಚೇರಿಯೊಳಗ ವಟಮುಖತ್ಯಾರಪತ್ರ ದೃಢೀಕರಿಸಿ ಕಳಸ್ತೀನಿ. ನೀವ ಅರ್ಜಿ ಕೊಡ್ರಿ.”

ಪತ್ರ ಬಂದಿತು. ಪಡಿತರ ಚೀಟಿ, ಮತದಾರರ ಚೀಟಿ, ವಿದ್ಯುತ್ ಬಿಲ್ಲು, ಜನನ ಪ್ರಮಾಣಪತ್ರ, ಶಾಲಾ ದಾಖಲೆ ಎಲ್ಲವನ್ನೂ ವರ್ಷವಾರು ಜೋಡಿಸಿ ಕಡತ ಕಟ್ಟಿದೆವು. ನೂರಾರು ಮಕ್ಕಳ ವರ್ಗಾವಣೆ ಪತ್ರಗಳಿಗೆ ಸಹಿ ಮಾಡಿದ ಕೈ ಇದು. ಕಾಗದಪತ್ರದಲ್ಲಿ ನಮ್ಮಿಂದ ತಪ್ಪಾಗದೆಂಬ ಸಣ್ಣ ಗರ್ವವೂ ಇತ್ತೆಂದು ಒಪ್ಪಿಕೊಳ್ಳಬೇಕು.

ಕಚೇರಿಯ ಗುಮಾಸ್ತರು ಶಾಲಾ ದಾಖಲೆಯ ಒಂದು ಅಂಕಣದ ಮೇಲೆ ಬೆರಳಿಟ್ಟರು. “ಮಾಸ್ತರ, ಇಲ್ಲಿ ಸ್ವಂತ ಊರು ಕಲಘಟಗಿ, ಜಿಲ್ಲೆ ಧಾರವಾಡ ಎಂದಿದೆಯಲ್ಲ?” ಅವರ ದನಿಯಲ್ಲಿ ಕುಹಕವಿರಲಿಲ್ಲ. ಆದರೆ ನಾವು ತಲೆ ತಗ್ಗಿಸಿದೆವು. ಮಗನನ್ನು ಒಂದನೆಯ ತರಗತಿಗೆ ಸೇರಿಸುವಾಗ ಆ ಅರ್ಜಿಯನ್ನು ತುಂಬಿದವರು ನಾವೇ. ಹುಟ್ಟಿದ್ದು ಉಸಗಾಂವದಲ್ಲಿ, ಅಂಬೆಗಾಲಿಟ್ಟದ್ದು ಇಲ್ಲಿಯ ಕೆಂಪು ಮಣ್ಣಿನಲ್ಲಿ. ಕಲಘಟಗಿಯನ್ನು ಅವನು ಕಂಡದ್ದು ಬೇಸಿಗೆ ರಜೆಯಲ್ಲಿ ಮಾತ್ರ. ಆದರೂ ಆ ಅಂಕಣಕ್ಕೆ ಬಂದಾಗ ನಮ್ಮ ಲೇಖನಿ ನಮ್ಮ ಅಪ್ಪನ ಊರನ್ನು ಬರೆಯಿತು. ಅದು ಸುಳ್ಳು ಹೇಳುವ ಉದ್ದೇಶದಿಂದಲ್ಲ, ಅಭಿಮಾನದಿಂದ. ನಮ್ಮ ಅಭಿಮಾನದ ಬೆಲೆಯನ್ನು ಮಗ ತೆರಬೇಕಾಯಿತು.

ಪ್ರಮಾಣಪತ್ರಿಕೆಯೊಂದನ್ನು ಮಾಡಿಸಿ, ಹುಟ್ಟಿದ ಸ್ಥಳವನ್ನು ಜನನ ದಾಖಲೆಯಿಂದ ತೋರಿಸಿ ಮತ್ತೆ ಅರ್ಜಿ ಕೊಟ್ಟೆವು. ತಲಾಟಿಯವರು ವಿಚಾರಣೆಗೆ ಮನೆಗೆ ಬಂದರು. ನೆರೆಮನೆಯ ಆಜಿಯನ್ನು ಕರೆದು, “ಇವರು ಇಲ್ಲಿಗೆ ಎಂದಿನಿಂದ ಇದ್ದಾರೆ?” ಎಂದು ಕೇಳಿದರು. ಆಜಿಗೆ ಇಸವಿ ತಿಳಿಯದು. ಆಕೆ ಕೊಂಕಣಿಯಲ್ಲಿ ಹೇಳಿದ್ದರ ಸಾರ ಇದು: “ಊರಿಗೆ ನಳ ಬರುವ ಮೊದಲು ಇವರ ಮನೆಯಾಕೆ ನಮ್ಮ ಬಾವಿಯಿಂದಲೇ ನೀರು ಒಯ್ಯುತ್ತಿದ್ದಳು. ಮಗ ಹುಟ್ಟಿದಾಗ ಬಾಣಂತಿಗೆ ಬಿಸಿನೀರು ಕಾಸಲು ಕೊಡಗಟ್ಟಲೆ ಸೇದಿಕೊಟ್ಟವಳು ನಾನು. ಇವರು ಇಲ್ಲಿಯವರಲ್ಲದಿದ್ದರೆ ಆ ನೀರು ಯಾರಿಗೆ ಕೊಟ್ಟೆ?”

ತಲಾಟಿಯವರು ನಕ್ಕು ಬರೆದುಕೊಂಡರು. ನಮ್ಮಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ಮಾಡಲು ಒಳಗೆ ಹೋದಳು. ಕೆಲವು ವಾರಗಳ ಬಳಿಕ ಪ್ರಮಾಣಪತ್ರ ಕೈಸೇರಿತು.

ಹೊರನಾಡ ಕನ್ನಡಿಗನ ಪಾಡು ವಿಚಿತ್ರವಾದುದು. ಇಲ್ಲಿ ಕೇಳಿದರೆ ಘಟ್ಟದ ಮೇಲಿನವರು; ಘಟ್ಟದ ಮೇಲೆ ಹೋದರೆ ಗೋವೆಯವರು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡಿನವರೆಂದು ಗುರುತಿಸಿದ ಪಟ್ಟಿಯಲ್ಲಿ ಕಾಸರಗೋಡು, ಜತ್ತ, ಅಕ್ಕಲಕೋಟೆಗಳ ಹೆಸರುಂಟು. ಗೋವೆಯ ಯಾವ ತಾಲೂಕೂ ಇಲ್ಲ. ಇತಿಹಾಸವೋ ಬೇರೆಯೇ ಮಾತನ್ನಾಡುತ್ತದೆ. ಕದಂಬರ ಒಂದು ಶಾಖೆ ಗೋವೆಯನ್ನಾಳಿತು; ಅವರ ಕಾಲದ ಮಹಾದೇವ ದೇಗುಲ ನಮ್ಮೂರಿಗೆ ದೂರವಲ್ಲದ ತಾಂಬ್ಡಿ ಸುರ್ಲಾದ ಕಾಡಿನಲ್ಲಿ ಇಂದಿಗೂ ನಿಂತಿದೆ. ತಿಸ್ಕದಲ್ಲಿ ನಾವು ಹತ್ತುವ ಸರ್ಕಾರಿ ಬಸ್ಸಿನ ಮೇಲೂ ‘ಕದಂಬ’ ಎಂದೇ ಇದೆ. ಆದರೆ ಕಚೇರಿಯ ಕಿಟಕಿಯಲ್ಲಿ ಕದಂಬರ ಸಾಕ್ಷಿ ನಡೆಯದು. ಅಲ್ಲಿ ವಿದ್ಯುತ್ ಬಿಲ್ಲೇ ಬೇಕು.

ಆದ್ದರಿಂದ ಸಂಘದ ಕಿರಿಯರಲ್ಲಿ ಈ ಹಳೆಯ ಹೆಡ್‌ಮಾಸ್ತರರ ಅರಿಕೆ ಎರಡು. ಟೈರು ಕಾರ್ಖಾನೆಯಲ್ಲಿ, ಅದಿರಿನ ಲಾರಿಗಳಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುತ್ತ ಬಾಡಿಗೆ ಖೋಲಿಗಳನ್ನು ಬದಲಿಸುವ ನಮ್ಮವರ ಬಳಿ ಎಷ್ಟೋ ವೇಳೆ ಒಂದು ಚೀಟಿಯೂ ಉಳಿದಿರುವುದಿಲ್ಲ. ವರ್ಷಕ್ಕೊಂದು ದಿನ ಸಂಘದಲ್ಲಿ ಕುಳಿತು ಅವರ ಕಾಗದಗಳನ್ನು ಪರಿಶೀಲಿಸಿ, ಹೆಸರಿನ ಅಕ್ಷರಗಳು ಎಲ್ಲೆಡೆ ಒಂದೇ ಆಗಿವೆಯೇ ಎಂದು ನೋಡಿಕೊಡೋಣ. ಆ ಕೆಲಸಕ್ಕೆ ನಮ್ಮ ಕನ್ನಡಕವೂ ಲೇಖನಿಯೂ ಸಿದ್ಧವಾಗಿವೆ.

ಎರಡನೆಯದು, ಮಕ್ಕಳ ಅರ್ಜಿಯಲ್ಲಿ ಮಕ್ಕಳ ಊರನ್ನೇ ಬರೆಯಿರಿ. ಕಲಘಟಗಿಯನ್ನು ಅವರಿಗೆ ಕೊಡಬೇಕೆಂದಿದ್ದರೆ ಮನೆಯ ಮಾತಿನಲ್ಲಿ ಕೊಡಿರಿ, ರಜೆಯಲ್ಲಿ ಕರೆದೊಯ್ದು ತೋರಿಸಿರಿ. ಅದಕ್ಕೆ ಯಾವ ಅಂಕಣವೂ ಬೇಕಿಲ್ಲ.